ಹಿಪ್-ಹಾಪ್ ಕೇಳಿಸಿ ಮಾತಾಡಿಸುವ ಕೂಟ: ನಮ್ಮ ಕಾಲೇಜು, ಸಂಘಗಳಲ್ಲಿ ನಡೆಸುವ ಬಗೆ

ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗರ ಫೋನಿನಲ್ಲಿ ಅಮೆರಿಕದ ಹಿಪ್-ಹಾಪ್ ಸಂಗೀತದ, ಬಡಿತದ ಮೇಲೆ ಮಾತನ್ನೇ ಹಾಡಾಗಿಸುವ ರ‍್ಯಾಪ್ ಹಾಡುಗಳಿಗೇನೂ ಬರವಿಲ್ಲ. ಹಾಡು ಬಾಯಿಪಾಠ ಇರುತ್ತದೆ, ಹಾಡಿದವರ ಬದುಕು ಗೊತ್ತಿರುವುದಿಲ್ಲ. ಹೀಗಾಗಿ ಎರಡು ತೀರ್ಮಾನಗಳು ಸಲೀಸಾಗಿ ಬಂದುಬಿಡುತ್ತವೆ. ಕಪ್ಪು ಅಮೆರಿಕನ್ ಹುಡುಗರೆಂದರೆ ಚಿನ್ನದ ಸರ, ಬಂದೂಕು, ಕಾರು ಅನ್ನುವುದು ಒಂದು. ಈ ಹಾಡುಗಳೇ ಆ ಹುಡುಗರನ್ನು ಕೆಡಿಸಿದವು ಅನ್ನುವುದು ಮತ್ತೊಂದು. ಭಾಷಣ ಮಾಡಿ ಇವನ್ನು ಬಿಡಿಸಲಾಗದು. ಹಾಡು ಕೇಳಿಸಬೇಕು, ಇಸವಿ ಹೇಳಬೇಕು, ಈ ಹಾಡನ್ನು ಮಾರಿದವರಾರು ಎಂದು ಹುಡುಗರ ಬಾಯಿಂದಲೇ ಪ್ರಶ್ನೆ ಬರುವಂತೆ ಮಾಡಬೇಕು.

ಅದಕ್ಕೆ ಎರಡು ದಿನ, ದಿನಕ್ಕೆ ಎರಡೂವರೆ ತಾಸು ಸಾಕು. ಪದವಿ ಕಾಲೇಜು, ಗ್ರಂಥಾಲಯ, ಯುವಕ ಸಂಘ, ಎಲ್ಲಿ ಮಾಡಿದರೂ ನಡೆದೀತು. ಬಂದವರು 17 ದಾಟಿರಲಿ. ಹಾಡುಗಳಲ್ಲಿ ಬೈಗುಳ ಬರುತ್ತದೆ ಎಂಬುದನ್ನು ಪ್ರಾಚಾರ್ಯರಿಗೆ ಮೊದಲೇ ಹೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ನಡುವೆ ಯಾರೋ ಬಂದು ಸ್ಪೀಕರ್ ಆರಿಸಿದರೆ ಕೂಟ ಮತ್ತೆ ಕುದುರುವುದಿಲ್ಲ.

ಕೋಣೆ, ಸ್ಪೀಕರ್, ಹಾಳೆ

20ರಿಂದ 24 ಜನ ಸರಿಯಾದ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಮಾತಾಡುವವರು ನಾಲ್ವರೇ ಆಗುತ್ತಾರೆ. ದೊಡ್ಡ ಸಭಾಭವನ ಬೇಡ. ಸಿಮೆಂಟು ಗೋಡೆ, ಟೈಲ್ಸ್ ನೆಲದ ಮಾರ್ದನಿಯಲ್ಲಿ ರ‍್ಯಾಪಿನ ವೇಗದ ಮಾತು ಕಲಸಿಹೋಗುತ್ತದೆ. ಸಾಧಾರಣ ತರಗತಿ ಕೋಣೆ ಹಿಡಿದು, ನೆಲಕ್ಕೆ ಎರಡು ಜಮಖಾನ ಹಾಸಿ, ಕಿಟಕಿಗೆ ಪರದೆ ಬಿಟ್ಟರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಮದುವೆ ಮೆರವಣಿಗೆಯ ಡಿಜೆ ಬಾಕ್ಸ್ ತರಬೇಡಿ. ಅದು ಬೇಸ್ ಹೊಡೆಯಲು ಇರುವುದು, ಅದರಲ್ಲಿ ಪದಗಳು ಮುಳುಗುತ್ತವೆ. ಒಳಗೇ ಆಂಪ್ಲಿಫೈಯರ್ ಇರುವ 8 ಇಂಚಿನ ಎರಡು ಸ್ಪೀಕರ್ ಸಾಕು. ಕೂತವರ ಕಿವಿಯ ಎತ್ತರಕ್ಕೆ, ಅಂದರೆ ನೆಲದಿಂದ ಮೂರೂವರೆ ನಾಲ್ಕು ಅಡಿ ಮೇಲೆ ಇಡಿ. ಮೂಲೆಗೆ ಒತ್ತಿ ಇಟ್ಟರೆ ಬೇಸ್ ಊದಿಕೊಳ್ಳುತ್ತದೆ, ಗೋಡೆಯಿಂದ ಎರಡಡಿ ಮುಂದೆ ಇರಲಿ. ಬ್ಲೂಟೂತ್ ನಂಬಬೇಡಿ, ಸರಿಯಾದ ಹೊತ್ತಿಗೆ ಯಾರದೋ ಫೋನ್ ಬಂದು ರಿಂಗ್ ಆಗುತ್ತದೆ. ಲ್ಯಾಪ್‌ಟಾಪಿನಿಂದ ತಂತಿ ಹಾಕಿ. ಹಾಡುಗಳನ್ನು ಹಿಂದಿನ ದಿನವೇ ಆಫ್‌ಲೈನ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಡುವೆ ಜಾಹೀರಾತು ಬರುತ್ತದೆ. ಕರೆಂಟ್ ಹೋಗುವ ಊರಾದರೆ ಇನ್ವರ್ಟರ್ ಇರುವ ಕೋಣೆಯನ್ನೇ ಕೇಳಿ ಪಡೆಯಿರಿ.

ಪ್ರತಿ ಹಾಡಿಗೂ ಒಂದು ಎ4 ಹಾಳೆ. ಎಡಗಡೆ ಇಂಗ್ಲಿಷಿನ ಹದಿನಾರು ಸಾಲು, ಬಲಗಡೆ ಖಾಲಿ ಜಾಗ. ಪೂರ್ತಿ ಹಾಡು ಅಚ್ಚು ಹಾಕುವುದು ಬೇಡ, ಅದರ ಹಕ್ಕು ಬೇರೆಯವರದು, ಓದಲು ಹೊತ್ತೂ ಸಾಲದು. ಬಲಗಡೆ ಅರ್ಥವನ್ನು ಅವರವರ ಮನೆಮಾತಿನಲ್ಲಿ ಬರೆಯಲು ಹೇಳಿ. ನೀವು ಅನುವಾದ ಮಾಡಿ ಕೊಟ್ಟರೆ ಹುಡುಗರು ಹಾಳೆ ಓದುತ್ತಾರೆ, ಹಾಡು ಕೇಳುವುದಿಲ್ಲ. ಹೆಚ್ಚಿನ ಹಾಡುಗಳಿಗೆ ಬೈಗುಳ ಇರುವ ಆವೃತ್ತಿ, ಬೈಗುಳ ಅಳಿಸಿದ ಆವೃತ್ತಿ ಎರಡೂ ಇರುತ್ತವೆ. ಎರಡನ್ನೂ ಮೊದಲು ನೀವೇ ಕೇಳಿ, ಯಾವುದು ಬೇಕೆಂದು ಗಟ್ಟಿಮಾಡಿಕೊಳ್ಳಿ.

ಮೊದಲ ದಿನ: ಬ್ರಾಂಕ್ಸಿನಿಂದ ಶುರು

1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ: ಹಿಪ್-ಹಾಪ್ ಹುಟ್ಟಿದ್ದು ಇಲ್ಲಿ ಎನ್ನುತ್ತಾರೆ. ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮುನ್ನ ಪಾರ್ಟಿ ಇಟ್ಟಿದ್ದಳು, ರೆಕಾರ್ಡ್ ನುಡಿಸಿದವನು ಅವಳ ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್. ಜಮೈಕಾದ ಕಿಂಗ್‌ಸ್ಟನ್‌ನಿಂದ ಬಂದ ಮನೆತನ. ಇಷ್ಟನ್ನು ಹೇಳಿ, ಆ ಬಡಾವಣೆಯ ಸ್ಥಿತಿ ಹೇಳದೆ ಮುಂದೆ ಹೋಗಬೇಡಿ. ನಗರ ಯೋಜಕ ರಾಬರ್ಟ್ ಮೋಸೆಸ್ ರೂಪಿಸಿದ ಎಕ್ಸ್‌ಪ್ರೆಸ್‌ವೇ ಬ್ರಾಂಕ್ಸನ್ನು ಸೀಳಿಕೊಂಡು ಹೋಗಿ ಸಾವಿರಾರು ಸಂಸಾರಗಳನ್ನು ಎಬ್ಬಿಸಿತ್ತು. ವಿಮೆಯ ಹಣಕ್ಕಾಗಿ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಇಡಿಸುತ್ತಿದ್ದ ಕಾಲ ಅದು. 1975ರಲ್ಲಿ ನಗರಸಭೆ ದಿವಾಳಿಯ ಅಂಚಿಗೆ ಬಂದಾಗ ಶಾಲೆಗಳ ಸಂಗೀತ ಪಾಠಕ್ಕೂ ಕತ್ತರಿ ಬಿತ್ತು. ವಾದ್ಯ ಸಿಗದ ಹುಡುಗರು ರೆಕಾರ್ಡ್ ಪ್ಲೇಯರನ್ನೇ ವಾದ್ಯ ಮಾಡಿಕೊಂಡರು.

ಹೇಗೆ ಮಾಡಿಕೊಂಡರು ಎಂಬುದನ್ನು ಕೈಯಾರೆ ಮಾಡಿ ತೋರಿಸಿ. ಹಾಡಿನ ನಡುವೆ ದನಿ ನಿಂತು ಬರೀ ಡ್ರಮ್ಮು ನುಡಿಯುವ ತುಣುಕಿಗೆ ಬ್ರೇಕ್ ಎನ್ನುತ್ತಾರೆ. ಕುಣಿಯುವವರು ಅದಕ್ಕೇ ಕಾಯುತ್ತಿದ್ದುದನ್ನು ಹರ್ಕ್ ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಪ್ಲೇಯರಿನ ಮೇಲಿಟ್ಟು, ಒಂದರ ಬ್ರೇಕ್ ಮುಗಿಯುತ್ತಲೇ ಇನ್ನೊಂದರದು ಶುರು ಮಾಡಿ, ಕೆಲವೇ ಸೆಕೆಂಡಿನ ತುಣುಕನ್ನು ನಿಮಿಷಗಟ್ಟಲೆ ಎಳೆದ.

ಲ್ಯಾಪ್‌ಟಾಪಿಗೆ ಮಿಕ್ಸ್ (Mixxx) ಎಂಬ ಉಚಿತ ಡಿಜೆ ತಂತ್ರಾಂಶ ಹಾಕಿಕೊಳ್ಳಿ. ಹೋಳಿಯಲ್ಲಿ ಬಾರಿಸುವ ಜಗ್ಗಲಗಿಯ ರೆಕಾರ್ಡಿಂಗ್ ಒಂದನ್ನು ಎರಡೂ ಡೆಕ್ಕಿಗೆ, ಅಂದರೆ ತೆರೆಯ ಮೇಲಿನ ಎರಡೂ ಪ್ಲೇಯರಿಗೆ ಹಾಕಿ, ನಾಲ್ಕು ಬಡಿತದ ತುಣುಕಿಗೆ ಲೂಪ್ ಕಟ್ಟಿ, ಅಂದರೆ ಅದು ಮತ್ತೆ ಮತ್ತೆ ತಿರುಗುವಂತೆ ಮಾಡಿ. ಇಲ್ಲಿ ತಪ್ಪುವುದು ಒಂದೇ ಕಡೆ. ಜಗ್ಗಲಗಿಯ ಲಯ ಯಂತ್ರದ ಹಾಗೆ ಒಂದೇ ಸಮ ಇರುವುದಿಲ್ಲ, ತಂತ್ರಾಂಶ ತಾನಾಗಿ ಊಹಿಸಿದ ಬಡಿತ ಕೂಡುವುದಿಲ್ಲ, ಲೂಪ್ ಕುಂಟುತ್ತದೆ. ಆದ್ದರಿಂದ ಲೂಪಿನ ತುದಿ ಮೊದಲನ್ನು ಕೈಯಿಂದಲೇ ಗುರುತು ಹಾಕಿ. ಶುರುವಿನ ಗುರುತು ಕೋಲು ಚರ್ಮಕ್ಕೆ ತಾಕಿದ ಕ್ಷಣಕ್ಕೇ ಇರಲಿ, ಕೂದಲೆಳೆಯಷ್ಟು ಮುಂಚೆ ಇದ್ದರೂ ಎಡವುತ್ತದೆ. ಎಂಟು ಬಡಿತದ ಬದಲು ನಾಲ್ಕು ತೆಗೆದುಕೊಂಡರೆ ಲಯದ ಏರುಪೇರು ಕಡಿಮೆ ಕಾಣುತ್ತದೆ. ಇದನ್ನು ಪ್ರತಿಯೊಬ್ಬರೂ ಒಮ್ಮೆ ಮಾಡಲಿ. ಅರ್ಧ ತಾಸು ಹೋಗುತ್ತದೆ, ಹೋಗಲಿ ಬಿಡಿ. ಕೈ ಎಡವಿದ ಮೇಲೆ ಆ ಹುಡುಗರ ಚಳಕಕ್ಕೆ ಮರ್ಯಾದೆ ತಾನಾಗಿ ಹುಟ್ಟುತ್ತದೆ.

ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ತಂಡದ 1982ರ ‘ದ ಮೆಸೇಜ್’ ಕೇಳಿಸಿ. ಗಾಜಿನ ಚೂರು, ಇಲಿ, ಬಾಕಿ ಬಿದ್ದ ಸಾಲ, ಜೈಲು ಎಲ್ಲ ಅದರಲ್ಲಿವೆ. ಪಾರ್ಟಿಯ ಹಾಡಾಗಿದ್ದ ರ‍್ಯಾಪ್ ಓಣಿಯ ವರದಿಯೂ ಆಗಬಹುದು ಎಂದು ದೇಶಕ್ಕೆಲ್ಲ ತೋರಿಸಿದ್ದು ಇದು. ಹಾಗೆಂದು 1979ರಲ್ಲಿ ಗೆದ್ದ ಶುಗರ್‌ಹಿಲ್ ಗ್ಯಾಂಗ್‌ನ ಮೋಜಿನ ಹಾಡು ಕೀಳು ಎಂದು ಹೇಳಬೇಡಿ. ಕುಣಿತವೂ ಬದುಕಿನ ಭಾಗವೇ. ಬರೀ ಹೋರಾಟದ ಹಾಡುಗಳನ್ನು ಮಾತ್ರ ಆರಿಸಿ ತೋರಿಸುವ ಸಂಘಟಕರು ಆ ಸಮುದಾಯವನ್ನು ಇನ್ನೊಂದು ಚೌಕಟ್ಟಿಗೆ ಬಿಗಿಯುತ್ತಾರೆ.

ಸಕ್ಕರೆ ಮತ್ತು ತಕ್ಕಡಿ

1988ರ ಹೊತ್ತಿನ ಹಾಡುಗಳಿಗೆ ಬರುವ ಮುನ್ನ ಮೇಜಿನ ಮೇಲೆ ಎರಡು ಪೊಟ್ಟಣ ಇಡಿ. ಕಿರಾಣಿ ಅಂಗಡಿಯಲ್ಲಿ ತೂಗಿಸಿ ತಂದ 5 ಗ್ರಾಂ ಸಕ್ಕರೆ ಒಂದರಲ್ಲಿ, ಅರ್ಧ ಕಿಲೋ ಸಕ್ಕರೆ ಇನ್ನೊಂದರಲ್ಲಿ. ಒಂದು ಚಹಾ ಚಮಚದಷ್ಟು ಸಕ್ಕರೆಯನ್ನು ಬಿಳಿ ಹಾಳೆಯ ಮೇಲೆ ಸುರುವಿ ತೋರಿಸಿ. ಅಮೆರಿಕದ 1986ರ ಮಾದಕವಸ್ತು ಕಾಯ್ದೆಯಲ್ಲಿ ಕ್ರ್ಯಾಕ್ ಕೊಕೇನನ್ನು ಮಾರಲೆಂದು ಇಷ್ಟು, ಅಂದರೆ 5 ಗ್ರಾಂ, ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ ಐದು ವರ್ಷ ಜೈಲು. ಪುಡಿ ಕೊಕೇನ್ ಆದರೆ ಅದೇ ಐದು ವರ್ಷಕ್ಕೆ ಅರ್ಧ ಕಿಲೋ ಇರಬೇಕು. ಎರಡೂ ಒಂದೇ ಮಾದಕವಸ್ತುವಿನ ಎರಡು ರೂಪ. ಕ್ರ್ಯಾಕ್ ಪ್ರಕರಣಗಳಲ್ಲಿ ಜೈಲಿಗೆ ಹೋದವರಲ್ಲಿ ಬಹುಪಾಲು ಕಪ್ಪು ಜನ. ಒಂದಕ್ಕೆ ನೂರರ ಈ ಲೆಕ್ಕ 2010ರಲ್ಲಿ ಒಂದಕ್ಕೆ ಹದಿನೆಂಟಕ್ಕೆ ಇಳಿಯಿತು, ಸಮ ಆಗಲಿಲ್ಲ. ಪೊಟ್ಟಣಗಳನ್ನು ಕೈಯಿಂದ ಕೈಗೆ ದಾಟಿಸಿ, ಪ್ರತಿಯೊಬ್ಬರೂ ತೂಕ ನೋಡಲಿ. ಅಪ್ಪ, ಅಣ್ಣ ಜೈಲಿನಲ್ಲಿರುವ ಓಣಿಯಿಂದ ಪೊಲೀಸರ ಮೇಲಿನ ಸಿಟ್ಟಿನ ಹಾಡು ಏಕೆ ಬಂತು ಎಂದು ಮತ್ತೆ ಬಿಡಿಸಿ ಹೇಳಬೇಕಾಗುವುದಿಲ್ಲ.

1988ರ ಎರಡು ತಂಡಗಳನ್ನು ಒಂದರ ಹಿಂದೊಂದು ಕೇಳಿಸಿ. ನ್ಯೂಯಾರ್ಕಿನ ಪಬ್ಲಿಕ್ ಎನಿಮಿ ರಾಜಕೀಯ ಮಾತಾಡುತ್ತದೆ, ಲಾಸ್ ಏಂಜಲೀಸಿನ ಎನ್‌ಡಬ್ಲ್ಯುಎ ಬೀದಿಯ ಸಿಟ್ಟನ್ನು ಬೈಗುಳದ ಸಮೇತ ಎತ್ತಿ ಒಗೆಯುತ್ತದೆ. 1989ರ ಆಗಸ್ಟ್‌ನಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಎನ್‌ಡಬ್ಲ್ಯುಎ ತಂಡದ ರೆಕಾರ್ಡ್ ಕಂಪನಿಗೆ ಆಕ್ಷೇಪದ ಪತ್ರ ಬರೆದರು. ಪತ್ರದಿಂದ ಹಾಡು ನಿಲ್ಲಲಿಲ್ಲ, ಇನ್ನಷ್ಟು ಹೆಸರು ಬಂತು. ಅದೇ 1989ರಲ್ಲಿ ಕೆಆರ್‌ಎಸ್-ಒನ್ ಎಂಬ ಗಾಯಕನ ಮುಂದಾಳತ್ವದಲ್ಲಿ ಹಲವು ರ‍್ಯಾಪರ್‌ಗಳು ಕೂಡಿ ತಮ್ಮವರೊಳಗಿನ ಹೊಡೆದಾಟದ ವಿರುದ್ಧ ಒಂದು ಹಾಡು ಮಾಡಿ, ಬಂದ ಹಣವನ್ನು ಕಪ್ಪು ಜನರ ಹಕ್ಕಿಗಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್‌ಗೆ ಕೊಟ್ಟರು. ಇದನ್ನೂ ಹೇಳಿ. ಹಿಂಸೆಯ ಬಗ್ಗೆ ಆ ಸಮುದಾಯ ಬಾಯಿ ಬಿಡಲಿಲ್ಲ ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

ಎರಡನೇ ದಿನ: ಮಾರಿದವರು ಯಾರು

ಇಡೀ ಕೂಟದ ಜೀವ ಇರುವುದು ಇಲ್ಲಿ, ಪೂರ್ತಿ ಒಂದು ತಾಸು ಕೊಡಿ. ಹಲಗೆಯ ಮೇಲೆ ನಾಲ್ಕು ಇಸವಿ ಬರೆಯಿರಿ: 1986, 1988, 1991, 1996.

1986ರಲ್ಲಿ ರನ್-ಡಿಎಂಸಿ ತಂಡ ಅಡಿಡಾಸ್ ಶೂ ಮೇಲೆ ಹಾಡು ಮಾಡಿ, ಕಾರ್ಯಕ್ರಮದಲ್ಲಿ ಕೇಳುಗರಿಗೆ ಶೂ ಎತ್ತಿ ಹಿಡಿಯಲು ಹೇಳಿತು. ಅದನ್ನು ಕಂಡ ಕಂಪನಿ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಓಣಿಯ ಹುಡುಗರ ಉಡುಪು ಮಾರಾಟದ ಸರಕಾಯಿತು. 1988ರಲ್ಲಿ ಎಂಟಿವಿ ರ‍್ಯಾಪಿಗೆಂದೇ ಕಾರ್ಯಕ್ರಮ ಶುರು ಮಾಡಿ, ಆ ಓಣಿಯನ್ನು ಎಂದೂ ಕಾಣದ ಬಿಳಿಯರ ಮನೆಗಳಿಗೆ ಹಾಡು ತಲುಪಿಸಿತು. 1991ರವರೆಗೆ, ಹೆಚ್ಚು ಮಾರಾಟವಾದ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿ ಅಂಗಡಿಯವರು ಹೇಳಿದ ಮಾತಿನ ಮೇಲೆ ನಿಂತಿತ್ತು. ಆ ವರ್ಷ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂದು ನಿಜವಾದ ಮಾರಾಟವನ್ನು ಬಾರ್‌ಕೋಡಿನಿಂದ ಎಣಿಸತೊಡಗಿದ ಕೆಲವೇ ವಾರಕ್ಕೆ, ಜೂನ್‌ನಲ್ಲಿ, ಎನ್‌ಡಬ್ಲ್ಯುಎ ಆಲ್ಬಮ್ ಒಂದನೇ ಸ್ಥಾನಕ್ಕೆ ಬಂತು. ಯಾವುದು ಖರ್ಚಾಗುತ್ತದೆ ಎಂದು ಕಂಪನಿಗಳಿಗೆ ಖಚಿತವಾಯಿತು, ಗಾಯಕರಿಂದ ಅದನ್ನೇ ಹೆಚ್ಚು ಹೆಚ್ಚು ಕೇಳಿ ಪಡೆದವು. 1996ರ ದೂರಸಂಪರ್ಕ ಕಾಯ್ದೆ ಒಂದೇ ಕಂಪನಿ ದೇಶದಲ್ಲಿ ಎಷ್ಟು ರೇಡಿಯೋ ಕೇಂದ್ರ ಇಟ್ಟುಕೊಳ್ಳಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ಅದಕ್ಕೂ ಮುಂಚೆ 40ರ ಆಸುಪಾಸು ಕೇಂದ್ರಗಳಿದ್ದ ಕ್ಲಿಯರ್ ಚಾನೆಲ್ ಕೆಲವೇ ವರ್ಷಗಳಲ್ಲಿ 1200 ದಾಟಿತು. ಊರೂರಿನ ಡಿಜೆ ತನ್ನೂರಿನ ಹುಡುಗನ ಹಾಡು ಹಾಕುವುದು ಕಡಿಮೆಯಾಗಿ, ಎಲ್ಲ ಕಡೆ ಅದದೇ ಪಟ್ಟಿ ತಿರುಗತೊಡಗಿತು.

ಈಗ ಹುಡುಗರಿಗೆ ಕೆಲಸ ಕೊಡಿ. ನಮ್ಮ ಕಡೆ ಯೂಟ್ಯೂಬಿನಲ್ಲಿ ಓಡುವ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳಲ್ಲಿ ಹೆಚ್ಚು ವೀಕ್ಷಣೆ ಇರುವ ಹತ್ತನ್ನು ಅವರೇ ಆರಿಸಲಿ. ಹುಡುಗಿಯನ್ನು ಚುಡಾಯಿಸುವುದು, ಕುಡಿತ, ಮಳೆ-ಬೆಳೆ, ದುಡಿಮೆ ಇವುಗಳಲ್ಲಿ ಯಾವುದರ ಮೇಲೆ ಎಷ್ಟು ಹಾಡಿವೆ ಎಂದು ಎಣಿಸಿ ಹಲಗೆಯ ಮೇಲೆ ಬರೆಯಲಿ. ಆಮೇಲೆ ಒಂದೇ ಪ್ರಶ್ನೆ: ಈ ಹತ್ತು ಹಾಡು ನೋಡಿ ಹೊರಗಿನವರು ಗದಗ, ಹಾವೇರಿ ಜಿಲ್ಲೆಯ ಹುಡುಗರು ಹೀಗೇ ಇದ್ದಾರೆ ಎಂದು ಬರೆದರೆ ಒಪ್ಪುತ್ತೀರಾ? ಶಿಶುನಾಳ ಶರೀಫರ ಪದ ಹಾಡುವವರು, ಗೀಗೀ ಮೇಳದವರು ಆ ಪಟ್ಟಿಯಲ್ಲಿ ಏಕಿಲ್ಲ? ‘ಸರ, ಅವರ ಹಾಡಿನ್ಯಾಗ ಬರೇ ರೊಕ್ಕ, ಬಂದೂಕನ ಅದಾವಲ್ರಿ’ ಎಂದು ಮೊದಲ ದಿನ ಕೇಳಿದ ಹುಡುಗನೇ ಇಲ್ಲಿ ಹೆಚ್ಚು ಮಾತಾಡುತ್ತಾನೆ. ಅವನಿಗೆ ಬಿಡಿ, ನೀವು ನಡುವೆ ಬರಬೇಡಿ.

ಕೆಡಿಸಿತೋ ಇಲ್ಲವೋ ಎಂಬ ವಾದ ಬಂದಾಗ

ಬಂದೇ ಬರುತ್ತದೆ. ಎರಡು ಸಂಗತಿಯನ್ನು ಒಟ್ಟಿಗೆ ಇಡಿ. ಅಮೆರಿಕದಲ್ಲಿ ಲಕ್ಷ ಜನಕ್ಕೆ ಕೊಲೆಯ ಪ್ರಮಾಣ 1991ರಲ್ಲಿ 9.8 ಇದ್ದದ್ದು 2000ದ ಹೊತ್ತಿಗೆ 5.5ಕ್ಕೆ ಇಳಿಯಿತು. ಬಂದೂಕಿನ ರ‍್ಯಾಪ್ ಮನೆಮನೆಗೆ ಹಬ್ಬಿದ್ದು ಅದೇ ದಶಕದಲ್ಲಿ. ಹಾಡೇ ಕೊಲೆ ಮಾಡಿಸಿತು ಎಂಬ ನೇರ ಲೆಕ್ಕ ಇಲ್ಲಿ ಕೂಡುವುದಿಲ್ಲ. ಹಾಗೆಂದು ಪ್ರಭಾವವೇ ಇಲ್ಲ ಎಂದು ಕೈತೊಳೆದುಕೊಳ್ಳುವುದೂ ಸಲ್ಲ. ಹೆಣ್ಣನ್ನು ಸರಕಿನಂತೆ ತೋರಿಸಿದ ವಿಡಿಯೋಗಳನ್ನು ಎದುರಿಸಿದ್ದು ಮೊದಲು ಕಪ್ಪು ಹೆಣ್ಣುಮಕ್ಕಳೇ. ಕ್ವೀನ್ ಲತೀಫಾ 1993ರಲ್ಲಿ ಬೀದಿಯ ಕಿರುಕುಳ, ಮನೆಯೊಳಗಿನ ಹೊಡೆತದ ಮೇಲೆ ‘ಯುನಿಟಿ’ ಹಾಡಿದಳು. 2004ರಲ್ಲಿ ಅಟ್ಲಾಂಟಾದ ಸ್ಪೆಲ್ಮನ್ ಎಂಬ ಕಪ್ಪು ಮಹಿಳೆಯರ ಕಾಲೇಜಿನ ವಿದ್ಯಾರ್ಥಿನಿಯರು ನೆಲ್ಲಿ ಎಂಬ ರ‍್ಯಾಪರ್‌ನ ವಿಡಿಯೋ ಬಗ್ಗೆ ಅವನನ್ನೇ ಪ್ರಶ್ನಿಸಲು ಪಟ್ಟು ಹಿಡಿದರು. ಅಸ್ಥಿಮಜ್ಜೆ ದಾನಿಗಳನ್ನು ಹುಡುಕುವ ಕಾರ್ಯಕ್ರಮಕ್ಕೆ ಬರಬೇಕಾಗಿದ್ದ ಅವನ ಭೇಟಿ ರದ್ದಾಯಿತು. ಮರುವರ್ಷ ಕಪ್ಪು ಮಹಿಳೆಯರ ‘ಎಸೆನ್ಸ್’ ಪತ್ರಿಕೆ ಇದೇ ವಿಷಯಕ್ಕೆ ವರ್ಷವಿಡೀ ಅಭಿಯಾನ ನಡೆಸಿತು. ಕೋಣೆಯಲ್ಲಿ ಈ ಮಾತು ಬಂದಾಗ ಮೊದಲ ಸರದಿ ಹುಡುಗಿಯರಿಗೆ ಕೊಡಿ, ಹುಡುಗರು ಐದು ನಿಮಿಷ ಕೇಳಲಿ. ಈ ನಿಯಮ ಇಲ್ಲದಿದ್ದರೆ ಹುಡುಗಿಯರು ಬಾಯಿ ಬಿಡುವುದಿಲ್ಲ.

ಪ್ರಭಾವ ಎಂದರೆ ಕೇಡೊಂದೇ ಅಲ್ಲ ಎಂಬುದಕ್ಕೆ ಕೆಂಡ್ರಿಕ್ ಲಮಾರ್‌ನ 2015ರ ‘ಆಲ್‌ರೈಟ್’ ಕೇಳಿಸಿ. ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದ ಯುವಕರು ಅದರ ಪಲ್ಲವಿಯನ್ನೇ ಘೋಷಣೆ ಮಾಡಿಕೊಂಡರು. ಇದರ ಜೊತೆಗೆ ಇನ್ನೊಂದು ಸಂಗತಿ ಹೇಳಲೇಬೇಕು. ಅಮೆರಿಕದ ನ್ಯಾಯಾಲಯಗಳಲ್ಲಿ ಹುಡುಗರು ಬರೆದ ರ‍್ಯಾಪ್ ಸಾಲುಗಳನ್ನೇ ಅವರ ವಿರುದ್ಧ ಸಾಕ್ಷಿಯಾಗಿ ಓದುತ್ತಾರೆ. ಅದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಮಾಡಬೇಕಾಯಿತು. ಕಥೆಯಲ್ಲಿ ಕೊಲೆ ಬರೆದ ಕಾದಂಬರಿಕಾರರನ್ನು ಹೀಗೆ ಕಟಕಟೆಗೆ ತರುವುದು ಅಪರೂಪ.

ಎಚ್ಚರದ ಎರಡು ವಿಷಯ

ಹಾಡುಗಳಲ್ಲಿ ಎನ್ ಅಕ್ಷರದಿಂದ ಶುರುವಾಗುವ ಬೈಗುಳ ಪದೇ ಪದೇ ಬರುತ್ತದೆ. ಕಪ್ಪು ಗಾಯಕರು ತಮ್ಮೊಳಗೆ ಅದನ್ನು ಬಳಸುವುದು ಬೇರೆ, ನಾವು ಬಾಯಿ ಬಿಟ್ಟು ಹೇಳುವುದು ಬೇರೆ. ಹಾಡಿನ ಜೊತೆ ದನಿಗೂಡಿಸುವಾಗಲೂ ಯಾರೂ ಆ ಪದ ಹೇಳಕೂಡದು ಎಂದು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡಿ, ಹಾಳೆಯಲ್ಲಿ ಅಲ್ಲಿ ಗೆರೆ ಹಾಕಿ. ಏಕೆ ಎಂದು ಕೇಳಿದರೆ, ಜಾತಿಯ ಹೆಸರನ್ನೇ ಬೈಗುಳ ಮಾಡಿದವರ ಬಾಯಲ್ಲಿ ಆ ಹೆಸರು ಹೇಗೆ ಕೇಳಿಸುತ್ತದೆ ಎಂದು ಕೇಳಿ. ನಮ್ಮ ಹುಡುಗರಿಗೆ ತಕ್ಷಣ ತಿಳಿಯುತ್ತದೆ. ಹಳೆಯ ಪುಸ್ತಕಗಳ ‘ನೀಗ್ರೋ’, ಮಾತಿನ ಓಘದಲ್ಲಿ ಬರುವ ‘ಕರಿಯರು’ ಕೂಡ ಬೇಡ.

ಎರಡನೆಯದು ಇನ್ನೂ ನಾಜೂಕು. ಕಲಘಟಗಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ವಿದ್ಯಾರ್ಥಿಗಳು ನಿಮ್ಮ ಕೋಣೆಯಲ್ಲಿ ಇರಬಹುದು. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು ನಿಜ, ಆದರೆ ಅವರು ಬ್ರಾಂಕ್ಸಿನ ಪ್ರತಿನಿಧಿಗಳಲ್ಲ, ಕನ್ನಡ, ಕೊಂಕಣಿ, ಮರಾಠಿ ಮಾತಾಡುವ ಇಲ್ಲಿಯವರು. ‘ನಿನಗೆ ಏನನ್ನಿಸುತ್ತದೆ’ ಎಂದು ಎಲ್ಲರ ಮುಂದೆ ಅವರತ್ತ ಕೈ ತೋರಿಸಬೇಡಿ. ತಾವಾಗಿ ಮಾತಾಡಿದರೆ ಅದಕ್ಕೆ ಹೊತ್ತು ಕೊಡಿ. ಅವರಿಗೆ ನಮ್ಮ ಬಸ್ಸು, ಹಾಸ್ಟೆಲ್ಲುಗಳಲ್ಲಿ ಅಡ್ಡಹೆಸರಿನಿಂದ ಕರೆಯುತ್ತಾರೆ ಎಂಬ ಮಾತು ಬಂದರೆ ಅಮೆರಿಕವನ್ನು ಅಲ್ಲಿಗೆ ಬಿಟ್ಟು ಇದನ್ನೇ ಹಿಡಿಯಿರಿ. ಉಳಿದ ಹಾಡು ನಾಳೆಯೂ ಕೇಳಬಹುದು.

ಕೊನೆಯ ಒಂದು ತಾಸು: ತಮ್ಮದೇ ಎಂಟು ಸಾಲು

ನಮ್ಮ ಭಾಗದಲ್ಲಿ ತಬಲಾ ಲೆಕ್ಕ ಬಲ್ಲವರು ಇರುವುದರಿಂದ ರ‍್ಯಾಪ್ ಸಾಲು ಕಟ್ಟುವುದು ಸಲೀಸು. ಒಂದು ಸಾಲಿಗೆ ನಾಲ್ಕು ಬಡಿತ, ಹದಿನಾರು ಸಾಲಿಗೆ 64 ಮಾತ್ರೆ, ಅಂದರೆ ತೀನ್‌ತಾಳದ ನಾಲ್ಕು ಆವರ್ತನ. ನಿಮಿಷಕ್ಕೆ 90 ಬಡಿತದಲ್ಲಿ ಅದು ಸುಮಾರು 43 ಸೆಕೆಂಡು. ನೀವು ಎಂಟು ಸಾಲಿಗೆ ನಿಲ್ಲಿಸಿ. ತಾಳ ಕಲಿತವರು ಒಂದನೇ ಬಡಿತಕ್ಕೆ, ಸಮ್‌ಗೆ, ಒತ್ತು ಕೊಡುತ್ತಾರೆ. ಹಿಪ್-ಹಾಪಿನಲ್ಲಿ ಸ್ನೇರ್ ಎಂಬ ಡ್ರಮ್ಮಿನ ಹೊಡೆತ ಬೀಳುವುದು ಎರಡು ಮತ್ತು ನಾಲ್ಕಕ್ಕೆ. ಮೊದಲು ಐದು ನಿಮಿಷ ಎರಡಕ್ಕೂ ನಾಲ್ಕಕ್ಕೂ ಬರೀ ಚಪ್ಪಾಳೆ ಹಾಕಿಸಿ.

ಸಾಲಿಗೆ 10ರಿಂದ 14 ಅಕ್ಷರ ಹಿತ, 16 ದಾಟಿದರೆ ಉಸಿರು ಸಾಲುವುದಿಲ್ಲ. ಪುಸ್ತಕದ ಕನ್ನಡದಲ್ಲಿ ಬರೆದರೆ ಸಾಲು ಉದ್ದವಾಗುತ್ತದೆ. ‘ಹೋಗುತ್ತಿದ್ದಾರೆ’ ಐದು ಅಕ್ಷರ, ‘ಹೊಂಟಾರ’ ಮೂರೇ. ಇನ್ನು ಕನ್ನಡದ ಕ್ರಿಯಾಪದಗಳ ಕೊನೆ ಒಂದೇ ತರಹ ಇರುವುದರಿಂದ ‘ಮಾಡಿದೆ, ಓಡಿದೆ’ ಎಂದು ಪ್ರಾಸ ಪುಗಸಟ್ಟೆ ಸಿಗುತ್ತದೆ, ಕೇಳಲು ಸಪ್ಪೆ. ಪ್ರಾಸವನ್ನು ನಾಮಪದದ ಮೇಲೆ ಕೂರಿಸಲು ಹೇಳಿ. ಮಾದರಿಗೆ ಇಷ್ಟು ಸಾಕು, ಎರಡೂ ಸಾಲಿಗೆ 14 ಅಕ್ಷರ (ಚಿಗರಿ ಎಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸು):

ಚಿಗರ್ಯಾಗ ನಿಂತೇನಿ, ಕೈಯಾಗ ಡಿಗ್ರಿ ಹಾಳಿ
ಕೆಲಸಾ ಕೇಳಿದ್ರ ಅಂತಾರ, ಬಾ ತಮ್ಮಾ ನಾಳಿ

ಎಲ್ಲರೂ ಮೊದಲ ಸಲ ಬರೆಯುವುದು ಬಂದೂಕು, ಬ್ರದರ್, ಗ್ಯಾಂಗು. ಬೈಯಬೇಡಿ. ‘ನಿಮ್ಮ ಮನಿ ಬಾಗಲಾ ತಗದ್ರ ಏನ್ ಕಾಣತೈತಿ’ ಎಂದು ಕೇಳಿ, ಅದನ್ನು ಬರೆಯಿಸಿ. ಒಬ್ಬರಿಗೊಬ್ಬರು ಎದುರುಬದುರು ಹಾಡುವ ಆಸೆ ಪಟ್ಟರೆ ಸವಾಲು-ಜವಾಬಿನ ಹಾಡುಗಾರಿಕೆಯಾದ ಹರದೇಶಿ-ನಾಗೇಶಿಯ ಕಟ್ಟಳೆ ಹಾಕಿ: ಎದುರಿನವರ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೇ ತನ್ನ ಪ್ರಶ್ನೆ. ತಾಯಿ, ಜಾತಿ, ಮೈಬಣ್ಣದ ಮಾತು ಎತ್ತಿದವರು ಹಾಡು ನಿಲ್ಲಿಸಿ ಕೆಳಗೆ ಕೂಡಬೇಕು.

ರೆಕಾರ್ಡ್ ಮಾಡುವುದಾದರೆ ಫೋನು ಬಾಯಿಂದ ಆರೆಂಟು ಇಂಚು ದೂರ, ಸ್ವಲ್ಪ ಓರೆಯಾಗಿ ಇರಲಿ, ಇಲ್ಲದಿದ್ದರೆ ಪ, ಬ ಅಕ್ಷರಗಳು ಗುದ್ದುತ್ತವೆ. ಬೀಟ್ ಇಯರ್‌ಫೋನಿನಲ್ಲಿ ಮಾತ್ರ ಕೇಳಲಿ. ಇಂಟರ್ನೆಟ್ಟಿನಿಂದ ಎತ್ತಿದ ಬೀಟ್ ಮೇಲೆ ಹಾಡಿ ಯೂಟ್ಯೂಬಿಗೆ ಹಾಕಿದರೆ ಹಕ್ಕಿನ ತಕರಾರು ಬರುತ್ತದೆ. ಮೊದಲ ದಿನ ಕಟ್ಟಿದ ಜಗ್ಗಲಗಿ ಲೂಪನ್ನೇ ಬಳಸಿ, ಬಾರಿಸಿದವರ ಒಪ್ಪಿಗೆ ಕೇಳಿ, ಅವರ ಹೆಸರು ಹಾಕಿ. ಹಾಡಿದ ಹುಡುಗ ಹುಡುಗಿಯರು ಬೇಡ ಎಂದರೆ ವಾಟ್ಸಾಪಿಗೂ ಹಾಕಬೇಡಿ.